ಮುಂದಿನ ಹಾಲ್ ದಾಟಿ

2 ಸಮುವೇಲ 9 ತೆಗೀರಿ.

ಎರಡೂ ಕಾಲು ಕುಂಟಾಗಿದ್ದ ಮೆಫೀಬೋಶೆತ. ದಾವೀದ ಲೋದೆಬಾರಿಗೇ ದವಸ ಕಳಿಸಿ ಸುಮ್ಮನಾಗಬಹುದಿತ್ತು, ಅಲ್ವಾ? ಕರೆಸಿ ತನ್ನ ಪಂಕ್ತಿಯಲ್ಲೇ ಕೂರಿಸಿಕೊಂಡ. ಒಂದು ದಿನ ಅಲ್ಲ, ದಿನಾಲೂ.

ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ವಿಂಟರ್‌ಬೋರ್ನ್ ವ್ಯೂ ಅಂತ ಒಂದು ಖಾಸಗಿ ಆಸ್ಪತ್ರೆ ಇತ್ತು. ಬೌದ್ಧಿಕ ನ್ಯೂನತೆ, ಆಟಿಸಂ ಇರುವವರಿಗಾಗಿ 24 ಹಾಸಿಗೆ. ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್. ಗಮನಿಸಿ, ದುಡ್ಡಿಗೆ ಕೊರತೆ ಇರಲಿಲ್ಲ. 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾ ಒಳಗೆ ಹೋಯ್ತು. ಹೊಡೆತ, ಕೂದಲು ಹಿಡಿದು ಎಳೆಯೋದು, ಬಟ್ಟೆ ಸಮೇತ ಷವರ್ ಕೆಳಗೆ ತಳ್ಳೋದು. ಅಲ್ಲಿನ ಒಬ್ಬ ನರ್ಸ್ ಮೊದಲೇ ದೂರು ಕೊಟ್ಟಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 11 ಸಿಬ್ಬಂದಿ ಅಪರಾಧಿಗಳಾದರು, 6 ಮಂದಿ ಜೈಲಿಗೆ ಹೋದರು.

ನನ್ನನ್ನು ಚುಚ್ಚಿದ್ದು ವಿಚಾರಣಾ ವರದಿಯ ಒಂದು ಮಾತು. ನೋಡೋಕೆ ಬಂದ ಅಪ್ಪ ಅಮ್ಮಂದಿರನ್ನು ಮಕ್ಕಳ ಮಲಗೋ ಕೋಣೆವರೆಗೂ ಬಿಡ್ತಿರಲಿಲ್ಲವಂತೆ.

ಕ್ರಿಸ್‌ಮಸ್‌ಗೆ ನಾವೂ ಒಂದು ಹೋಮ್‌ಗೆ ಹೋಗಿದ್ವಲ್ಲ? ಕೇಕ್, ಹಾಡು, ಸೆಲ್ಫಿ. ನಲವತ್ತು ನಿಮಿಷ, ಬರೀ ಮುಂದಿನ ಹಾಲಲ್ಲಿ. ಹೊರಡುವಾಗ ಒಬ್ಬ ತಮ್ಮ ನನ್ನ ತೋಳು ಹಿಡಿದು ಒಳಬಾಗಿಲ ಕಡೆ ಎಳೆದ. ಮಾತು ಬರಲ್ಲ ಅವನಿಗೆ. ಟೆಂಪೋ ಕಾಯ್ತಿದೆ ಅಂತ ನಕ್ಕೊಂಡೇ ಕೈ ಬಿಡಿಸಿಕೊಂಡೆ. ಬಹುಶಃ ತನ್ನ ಮಂಚ ತೋರಿಸೋಕಿರಬೇಕು. ಗೊತ್ತಿಲ್ಲ. ನಾನು ನೋಡಲಿಲ್ಲ. ಕರ್ತನ ಮುಂದೆ ಅದಕ್ಕೆ ಕ್ಷಮೆ ಕೇಳಿದ್ದೀನಿ.

ಈ ಶನಿವಾರ ಮತ್ತೆ ಹೋಗ್ತಿದ್ದೀನಿ, ಮಧ್ಯಾಹ್ನ ಊಟದ ಹೊತ್ತಿಗೆ. ಹೋಮ್ ನಡೆಸೋರನ್ನ ಕೇಳಿದ್ದೀನಿ, ಒಳಗೆ ಬನ್ನಿ ಅಂದಿದ್ದಾರೆ. ಕೇಕ್ ಬೇಡ. ಫೋನ್ ಬ್ಯಾಗಲ್ಲಿರಲಿ. ಅವರು ತಿನ್ನೋದನ್ನೇ ಅವರ ಪಕ್ಕ ಕೂತು ತಿನ್ನೋಣ. ಪ್ರತಿ ತಿಂಗಳು ಬರೋಕೆ ಆಗೋರು ಮಾತ್ರ ಆರಾಧನೆ ಮುಗಿದ ಮೇಲೆ ಹೆಸರು ಕೊಡಿ.

ಎದ್ದು ನಿಲ್ಲಿ, ಪ್ರಾರ್ಥಿಸೋಣ.