ಬುತ್ತಿ, ಲೋಟ, ಮೇಜು

 

ದಸರಾ ರಜೆ ಬಂತು. ಹೊಗೆಸೊಪ್ಪಿನ ಹರಾಜು ಶುರುವಾಗಿ ರಾಮನಾಥಪುರದ ಸುತ್ತಮುತ್ತ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲವೂ ಇದೇ. ಎಲ್ಲಿಗಾದರೂ ಕರಕೊಂಡು ಹೋಗಿ ಅಂತ ಮಕ್ಕಳು ಹಟ ಹಿಡಿದಿವೆ. ನಮ್ಮ ಗುಂಪಿನ ಕೆಲವು ಮನೆಯವರು ಬೈಲಕುಪ್ಪೆಗೆ ಗಾಡಿ ಮಾತಾಡಿದ್ದಾರೆ. ಕೊಣನೂರು, ಶಿರಂಗಾಲ, ಕುಶಾಲನಗರ ದಾಟಿದರೆ ನಾಮ್‌ಡ್ರೋಲಿಂಗ್ ವಿಹಾರ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ಅದಕ್ಕೇ ಇವತ್ತು ಪ್ರವಾಸದ ಊಟದ ಬಗ್ಗೆ ನಾಲ್ಕು ಮಾತು. ಧಮ್ಮ ಚಿಂತನೆಯಲ್ಲಿ ಹೋಟೆಲ್ ಊಟ ಯಾಕೆ ಬಂತು ಅನ್ನಬೇಡಿ. ಜಾತಿ ಗಟ್ಟಿಯಾಗಿ ತಳ ಊರಿ ಕೂತಿರುವ ಜಾಗಗಳಲ್ಲಿ ಊಟದ ಪಂಕ್ತಿಯೂ ಒಂದು.

ಬಾಬಾಸಾಹೇಬರೂ ಚಿಕ್ಕವರಿದ್ದಾಗ ರಜೆಯ ಪ್ರವಾಸಕ್ಕೆ ಹೊರಟಿದ್ದರು. 1901ನೇ ಇಸವಿ, ಬೇಸಿಗೆ ರಜೆ. ತಂದೆ ಗೋರೆಗಾಂವಿನಲ್ಲಿ ಕ್ಯಾಷಿಯರ್ ಆಗಿದ್ದರು, ಮಕ್ಕಳನ್ನು ಬರಹೇಳಿದ್ದರು. ಭೀಮರಾವ್, ಅವರ ಅಣ್ಣ, ತೀರಿಹೋಗಿದ್ದ ಅಕ್ಕನ ಇಬ್ಬರು ಗಂಡುಮಕ್ಕಳು ಸತಾರದಿಂದ ಹೊರಟರು. ಹೊಸ ಅಂಗಿ, ಜರಿ ಟೋಪಿ, ಹೊಸ ಬೂಟು. ನೆರೆಮನೆಯ ಹೆಂಗಸರು ದಾರಿಗೆ ಅಂತ ಒಳ್ಳೊಳ್ಳೆಯ ತಿಂಡಿ ಮಾಡಿ ಬುತ್ತಿ ಕಟ್ಟಿದ್ದರು. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಜಾತಿ ಗೊತ್ತಾಯಿತು. ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ: ಬಾಡಿಗೆ ಎರಡರಷ್ಟು, ಎತ್ತಿನ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ದಾರಿಯಲ್ಲಿ ಬುತ್ತಿ ಬಿಚ್ಚಿದರೆ ಕುಡಿಯಲು ಸಿಕ್ಕಿದ್ದು ದನಗಳ ಸಗಣಿ ಗಂಜಲ ಬೆರೆತ ನೀರು. ಅರ್ಧಕ್ಕೇ ನಿಲ್ಲಿಸಿದರು. ರಾತ್ರಿ ಸುಂಕದ ಕಟ್ಟೆಯ ಹತ್ತಿರ ನೀರು ಕೇಳಿದರು, ಸಿಗಲಿಲ್ಲ. ಬುತ್ತಿಯಲ್ಲಿ ಊಟ ಧಾರಾಳವಾಗಿತ್ತು, ಹೊಟ್ಟೆಯಲ್ಲಿ ಹಸಿವೂ ಇತ್ತು. ಆದರೂ ಮಕ್ಕಳು ಉಪವಾಸ ಮಲಗಿದವು. ‘ವೇಟಿಂಗ್ ಫಾರ್ ಎ ವೀಸಾ’ ಪುಸ್ತಕದ ಮೊದಲ ಭಾಗವೇ ಇದು. ದೊಡ್ಡವರಾಗಿ, ಬ್ಯಾರಿಸ್ಟರ್ ಆದ ಮೇಲೆ, 1934ರಲ್ಲಿ ವೇರೂಳದ ಬೌದ್ಧ ಗುಹೆಗಳನ್ನು ನೋಡಲು ಸಂಗಾತಿಗಳ ಜೊತೆ ಹೋದಾಗಲೂ ದೌಲತಾಬಾದ್ ಕೋಟೆಯ ಕೊಳದ ಹತ್ತಿರ ಅದೇ ಕಥೆ. ಕೈಕಾಲು ಮುಖ ತೊಳೆದಿದ್ದಕ್ಕೆ ಜನ ಸೇರಿ ಬೈದರು.

ಈಗ ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿ ತೆಗೆದು ಓದಿ. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲವನ್ನೂ ಹೆಸರು ಹಿಡಿದು ಬರೆದಿದ್ದಾರೆ. ಎಷ್ಟೋ ಜನ ಇದನ್ನು ಒಣ ಪಟ್ಟಿ ಅಂದುಕೊಂಡು ಪುಟ ತಿರುಗಿಸುತ್ತಾರೆ. ನನಗೆ ಆ ಪಟ್ಟಿಯಲ್ಲಿ ಮಸೂರಿನ ದಾರಿ ಕಾಣುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಅಂಗಡಿ ಅಂದರೆ ಏನು ಅನ್ನುವ ಪ್ರಶ್ನೆ ಬಂದಾಗ ಬಾಬಾಸಾಹೇಬರು ಆ ಪದವನ್ನು ವಿಶಾಲ ಅರ್ಥದಲ್ಲಿ ಬಳಸಿದ್ದೇವೆ, ದುಡ್ಡು ಪಡೆದು ಸೇವೆ ಕೊಡುವ ಜಾಗವೂ ಅದರಲ್ಲಿ ಸೇರುತ್ತದೆ ಎಂಬ ವಿವರಣೆ ಕೊಟ್ಟರು. ಹಾಗಾಗಿ ನೀವು ಕುಟುಂಬ ಸಮೇತ ಹೋಟೆಲ್ಲಿಗೆ ಹೋಗಿ ನಡುವಿನ ಮೇಜಿನಲ್ಲಿ ಕೂತು ಮಸಾಲೆ ದೋಸೆ ತರಿಸಿದರೆ ಅದು ಶೋಕಿ ಅಲ್ಲ.

ಆದರೂ ನಮ್ಮಲ್ಲಿ ಕೆಲವರು ಮೂಲೆಯ ಮೇಜನ್ನೇ ಹುಡುಕುತ್ತಾರೆ. ನಮ್ಮ ವೃಂದದ ಒಂದು ಕುಟುಂಬದ ವಿಷಯ ಹೇಳುತ್ತೇನೆ. ಹೋದ ವರ್ಷ ಅವರು ಪ್ರವಾಸ ಹೋದಾಗ ಒಂದು ಹೋಟೆಲ್ಲಿನಲ್ಲಿ ಕಾಫಿ ಕುಡಿದರು. ಜೊತೆಯಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿ ಕಾಫಿ ಮುಗಿಸಿ, ಲೋಟ ಹಿಡಿದು ಸೀದಾ ಕೈತೊಳೆಯುವ ನಲ್ಲಿಯ ಹತ್ತಿರ ಹೋಗಿ ತೊಳೆದು ಬೋರಲು ಹಾಕಿದರು. ಮಗ ಓಡಿಹೋಗಿ, ‘ಬಿಡವ್ವ, ಅವರು ತೊಳ್ಕೊತಾರೆ’ ಅಂದರೆ ಅಜ್ಜಿ ಅಂದಿದ್ದು: ‘ನಂಗೂ ಗೊತ್ತು ಕಣಪ್ಪ. ಕೈ ಸುಮ್ನಿರಲ್ಲ.’ ಮೊಮ್ಮಕ್ಕಳು ನಕ್ಕವು. ಮಕ್ಕಳ ತಪ್ಪಲ್ಲ, ಅವಕ್ಕೆ ಯಾರು ಹೇಳಿದ್ದಾರೆ? ಚಹಾದಂಗಡಿಯ ಹೊರಗೆ ಬೇರೆ ಲೋಟ ಇಟ್ಟಿರುತ್ತಿದ್ದರು, ಕುಡಿದವರೇ ತೊಳೆದಿಡಬೇಕಿತ್ತು ಅನ್ನುವುದನ್ನು ಆ ಮಕ್ಕಳಿಗೆ ಗಾಡಿಯಲ್ಲಿ ಹೋಗುವಾಗ ಹೇಳಿ. ಬೇಜಾರು ಮಾಡಿಸಬೇಕು ಅಂತಲ್ಲ. ಅಜ್ಜಿಯ ಕೈ ಯಾಕೆ ಸುಮ್ಮನಿರುವುದಿಲ್ಲ ಅಂತ ಗೊತ್ತಾದರೆ ಮಕ್ಕಳು ನಗುವುದಿಲ್ಲ.

ಬುತ್ತಿ ಕಟ್ಟಬೇಡಿ ಅನ್ನುತ್ತಿಲ್ಲ. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಿತ್ರಾನ್ನ ಕಟ್ಟಿಕೊಂಡು ಹೊಳೆ ದಡದಲ್ಲಿ ಕೂತು ತಿನ್ನುವ ಸುಖ ಯಾವ ಹೋಟೆಲ್ಲಿನಲ್ಲೂ ಇಲ್ಲ, ದುಡ್ಡೂ ಉಳಿಯುತ್ತದೆ. ಆದರೆ ಪಕ್ಕದ ಮೇಜಿನವರು ‘ಯಾವೂರು? ಯಾರ ಪೈಕಿ?’ ಅಂದುಬಿಟ್ಟರೆ ಅನ್ನುವ ಅಳುಕಿಗೆ ಕಟ್ಟಿದ ಬುತ್ತಿಯಾದರೆ ಅದನ್ನು ಮನೆಯಲ್ಲೇ ಬಿಟ್ಟು ಹೊರಡಿ.

ದುಡ್ಡಿನ ಮಾತು ಬಂದಿದ್ದರಿಂದ ಸಿಗಾಲೋವಾದ ಸುತ್ತ. ದುಡಿಮೆಯಲ್ಲಿ ಒಂದು ಪಾಲು ಅನುಭವಿಸು, ಎರಡು ಪಾಲು ಕಸುಬಿಗೆ ಹಾಕು, ನಾಲ್ಕನೆಯದನ್ನು ಕಷ್ಟಕಾಲಕ್ಕೆ ಇಡು ಎಂಬುದು ಗೃಹಸ್ಥರಿಗೆ ಭಗವಾನರು ಹೇಳಿದ ಲೆಕ್ಕ. ಅನುಭವಿಸಬೇಡ ಅಂತ ಅವರು ಹೇಳಲಿಲ್ಲ, ಗಮನಿಸಿ. ಕುಶಾಲನಗರದಲ್ಲಿ ಹೋಂ ಮೇಡ್ ಚಾಕಲೇಟು, ಜೇನುತುಪ್ಪ, ಕಾಫಿಪುಡಿ ತಗೊಳ್ಳಿ, ಆ ಒಂದು ಪಾಲಿನೊಳಗೆ ತಗೊಳ್ಳಿ. ಬಡ್ಡಿಗೆ ತಂದ ದುಡ್ಡಲ್ಲಿ ಬೇಡ.

ಅದೇ ಸುತ್ತದಲ್ಲಿ ಇನ್ನೊಂದು ಮಾತಿದೆ, ಪ್ರವಾಸದಲ್ಲಿ ನಾವು ಮರೆಯುವುದು. ಮನೆಯ ಯಜಮಾನ ಕೆಲಸದವರಿಗೆ ಶಕ್ತಿಗೆ ತಕ್ಕ ಕೆಲಸ ಕೊಡಬೇಕು, ಊಟ ಸಂಬಳ ಕೊಡಬೇಕು, ಕಾಯಿಲೆ ಬಿದ್ದರೆ ನೋಡಿಕೊಳ್ಳಬೇಕು, ವಿಶೇಷ ಅಡುಗೆಯಲ್ಲಿ ಪಾಲು ಕೊಡಬೇಕು, ಹೊತ್ತಿಗೆ ಸರಿಯಾಗಿ ಬಿಡುವು ಕೊಡಬೇಕು. ಆ ವಿಶೇಷ ಅಡುಗೆಯ ಮಾತನ್ನು ಹಿಡಿದುಕೊಳ್ಳಿ. ಬಾಡಿಗೆ ಗಾಡಿಯ ಡ್ರೈವರ್ ಎಲ್ಲಿ ಊಟ ಮಾಡುತ್ತಾರೆ? ನಾವೆಲ್ಲ ಒಳಗೆ, ಅವರು ಗಾಡಿ ಹತ್ತಿರ, ಕೈಗೆ ನೂರು ರೂಪಾಯಿ ಕೊಟ್ಟು ‘ನೀವು ಏನಾದ್ರೂ ತಿಂದ್ಕೊಳಿ’. ಮಸೂರಿನ ಗಾಡಿಯವನು ಮಕ್ಕಳ ಜೊತೆ ಕೂರಲಾರದೆ ನಡೆದ. ನಾವು ಡ್ರೈವರನ್ನು ಜೊತೆಗೆ ಕೂರಿಸಿಕೊಳ್ಳದೆ ಹೊರಗೆ ಬಿಡುತ್ತೇವೆ. ಮೇಜು ಒರೆಸುವ ಹುಡುಗನನ್ನು ‘ಏಯ್’ ಅಂತ ಕರೆಯುವುದೂ ಇದೇ ಸಾಲಿನದು. ಅವನಿಗೂ ಹೆಸರಿದೆ, ಕೇಳಿದರೆ ಹೇಳುತ್ತಾನೆ.

ಕಡೆಗೆ ಮೊಮೊ ವಿಷಯ. ಬೈಲಕುಪ್ಪೆಯ ಟಿಬೆಟಿಯನ್ನರು ನೆಲೆ ಕಳೆದುಕೊಂಡು 1960ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು ಕಾಡು ಕಡಿದು ಊರು ಕಟ್ಟಿದವರು. ಅವರ ವಿಹಾರದಲ್ಲಿ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು, ಹೊರಗೆ ಬಂದು ‘ಅವರ ಹೋಟೆಲ್ ಬೇಡಪ್ಪ, ಏನು ಹಾಕಿರ್ತಾರೋ ಏನೋ’ ಅನ್ನುವವರನ್ನು ನೋಡಿದ್ದೇನೆ. ಈ ವಾಕ್ಯ ಎಲ್ಲೋ ಕೇಳಿದ ಹಾಗಿಲ್ಲವೇ? ನಮ್ಮ ಅಡುಗೆಮನೆಗಳ ಬಗ್ಗೆ ಊರು ಆಡಿದ ಮಾತೇ ಅದು. ಮಾಂಸ ಒಲ್ಲದವರು ತರಕಾರಿ ಮೊಮೊ ಕೇಳಲಿ, ಸೇರದವರು ಬಿಡಲಿ, ಅದು ನಾಲಿಗೆಗೆ ಬಿಟ್ಟದ್ದು. ಯಾರ ಕೈ ಅಡುಗೆ ಅನ್ನುವ ಅನುಮಾನ ಬೇರೆ. ಆಮಗಂಧ ಸುತ್ತದಲ್ಲಿ ನಾರುವುದು ಮಾಂಸವಲ್ಲ. ಕಳವು, ಸುಳ್ಳು, ಕ್ರೌರ್ಯ, ಇನ್ನೊಬ್ಬರನ್ನು ಕೀಳು ಮಾಡುವ ಗರ್ವ ನಾರುತ್ತವೆ.

ಗಾಡಿ ಮಾತಾಡಿದವರು ಡ್ರೈವರ್ ಊಟವನ್ನು ಎಲ್ಲರ ಲೆಕ್ಕಕ್ಕೇ ಸೇರಿಸಿ ತಲೆಗೆ ಎಷ್ಟು ಅಂತ ಗುಂಪಿನಲ್ಲಿ ತಿಳಿಸಿ. ಭಾನುವಾರದ ಬೈಠಕ್ಕಿನಲ್ಲಿ ‘ವೇಟಿಂಗ್ ಫಾರ್ ಎ ವೀಸಾ’ದ ಮೊದಲ ಭಾಗ ಓದುತ್ತೇವೆ. ಮಕ್ಕಳನ್ನು ಕರೆತನ್ನಿ. ಅಜ್ಜಿಯರನ್ನೂ.

ಭವತು ಸಬ್ಬ ಮಂಗಲಂ. ಜೈ ಭೀಮ್.