ಅಭ್ಯಾಸ ಆಗುತ್ತೆ ಬಿಡು

ಮ್ಯಾನುಯಲ್ ಗೇರಿನ ಕಾರಿನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಬೇಕಂತಲೇ ಜಾರುವ ಹಾಗೆ ಮಾಡಿಟ್ಟಿರುವ ಮುಖ್ಯ ಭಾಗ ಕ್ಲಚ್ಚು. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗ್ತಾ ಇದೆ, ಚಕ್ರ ಅಲ್ಲಾಡದೆ ನಿಂತಿದೆ. ಈ ಇಬ್ಬರನ್ನೂ ಜಗಳವಿಲ್ಲದೆ ಸೇರಿಸಬೇಕು ಅಂದರೆ ಒಂದೆರಡು ಸೆಕೆಂಡು ಯಾರಾದರೂ ಉಜ್ಜಿಸಿಕೊಳ್ಳಲೇಬೇಕು. ಕ್ಲಚ್ ಪ್ಲೇಟು ಉಜ್ಜಿಸಿಕೊಳ್ಳುತ್ತೆ, ಬಿಸಿಯಾಗುತ್ತೆ, ಪ್ರತಿ ಸಲವೂ ಒಂದಿಷ್ಟು ತೇಯುತ್ತೆ. ಅದರ ಕೆಲಸವೇ ಅದು.

ಹಾಗಿದ್ದ ಮೇಲೆ ಜಾರದಂಥ ಕ್ಲಚ್ ಬೇಕು ಅನ್ನುವವರು ನಿಜವಾಗಿ ಏನು ಕೇಳ್ತಾ ಇದ್ದಾರೆ?

ಈ ಪ್ರಶ್ನೆ ಹತ್ತಿಸಿದ್ದು ನಮ್ಮಣ್ಣ, ಅಂದರೆ ದೊಡ್ಡಪ್ಪನ ಮಗ. ಮಾದಾಪುರದ ಹತ್ತಿರ ಕಾಫಿ ತೋಟ ನೋಡಿಕೊಳ್ಳುತ್ತಾನೆ. ಅವನ ಹತ್ತಿರ 2011ರ ಸ್ಕೋಡಾ ಲಾರಾ ಇದೆ, 1.8 ಟಿಎಸ್‌ಐ, ಆರು ಗೇರಿನ ಮ್ಯಾನುಯಲ್. ಕಂಪನಿಯಿಂದ ಬಂದಾಗ 160 ಕುದುರೆಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕು. ಟರ್ಬೊ ಗಾಡಿಗಳ ಸುಖವೂ ಕಷ್ಟವೂ ಒಂದೇ: ಎಂಜಿನ್ನಿನ ಒಂದು ನಟ್ಟೂ ಬಿಚ್ಚದೆ, ಲ್ಯಾಪ್‌ಟಾಪ್ ಸಿಕ್ಕಿಸಿ ಅರ್ಧ ಗಂಟೆಯಲ್ಲಿ ಶಕ್ತಿ ಏರಿಸಬಹುದು. ಅಣ್ಣ ಬೆಂಗಳೂರಿಗೆ ಬಂದಿದ್ದಾಗ ರೀಮ್ಯಾಪ್ ಮಾಡಿಸಿಕೊಂಡು ಹೋದ. ಮಾಡಿದವರು 320 ನ್ಯೂಟನ್ ಮೀಟರ್ ಅಂತ ಕಾಗದವನ್ನೂ ಕೊಟ್ಟರು. ಎರಡು ತಿಂಗಳಿಗೆ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಏರುವಾಗ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೆ ಹೋಗ್ತಿತ್ತು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಕ್ಲಚ್ ಸೋಲೊಪ್ಪಿಕೊಂಡಿತ್ತು.

"ಈ ಸಲ ಗಟ್ಟಿದೇ ಹಾಕಿಸ್ತೀನಿ ಕಣೋ. ಸೆರಾಮಿಕ್ ಪ್ಲೇಟು, ಲೈಟ್ ಫ್ಲೈವೀಲು. ನೀನು ಇಂಜಿನಿಯರಲ್ವಾ, ಯಾವುದು ಒಳ್ಳೇದು ನೋಡಿ ಹೇಳು."

ನಾನು ಕಂಪ್ಯೂಟರ್ ಸೈನ್ಸ್ ಬಿಇ. ಕೋಡ್ ಬರೆಯುವವನನ್ನು ಕ್ಲಚ್ ಬಗ್ಗೆ ಕೇಳುವುದು ನಮ್ಮ ಕಡೆ ಮಾಮೂಲು, ಟಿವಿ ಕೆಟ್ಟರೂ ನನ್ನನ್ನೇ ಕರೀತಾರೆ. ಆದರೆ ಲೆಕ್ಕ ಕಷ್ಟದ್ದಲ್ಲ. ಕ್ಲಚ್ ಎಷ್ಟು ಟಾರ್ಕು ಹಿಡಿಯುತ್ತೆ ಅನ್ನುವುದು ನಾಲ್ಕು ಸಂಖ್ಯೆಗಳ ಗುಣಾಕಾರ: ಉಜ್ಜುವ ಮೇಲ್ಮೈಗಳು ಎಷ್ಟು, ಉಜ್ಜುವ ವಸ್ತುವಿನ ಘರ್ಷಣೆ ಎಷ್ಟು, ಪ್ರೆಷರ್ ಪ್ಲೇಟು ಎಷ್ಟು ಬಲವಾಗಿ ಅಮುಕುತ್ತೆ, ಪ್ಲೇಟಿನ ಸರಾಸರಿ ತ್ರಿಜ್ಯ ಎಷ್ಟು. ಉದಾಹರಣೆಗೆ ಎರಡು ಮೇಲ್ಮೈ, ಘರ್ಷಣೆ 0.3, ಅಮುಕುವ ಬಲ 6000 ನ್ಯೂಟನ್, ತ್ರಿಜ್ಯ 9.5 ಸೆಂಟಿಮೀಟರ್ ಅಂದುಕೊಂಡರೆ 342 ನ್ಯೂಟನ್ ಮೀಟರ್ ಬರುತ್ತೆ. ಪ್ಲೇಟು ಹಳತಾಗಿ, ಕಾದು, ಘರ್ಷಣೆ 0.25ಕ್ಕೆ ಇಳಿದರೆ ಅದೇ ಕ್ಲಚ್ 285ಕ್ಕೇ ಕೈಯೆತ್ತುತ್ತೆ.

ಬಲ ಹೆಚ್ಚಿಸಬೇಕು ಅಂದರೆ ಈ ನಾಲ್ಕರಲ್ಲಿ ಒಂದನ್ನು ಏರಿಸಬೇಕು, ಮತ್ತು ಪ್ರತಿಯೊಂದಕ್ಕೂ ಬಿಲ್ ಕಟ್ಟುವವರು ಬೇರೆ ಬೇರೆ. ಅಗಲವಾದ ಪ್ಲೇಟು ಇರುವ ಜಾಗದಲ್ಲಿ ಹಿಡಿಸೋದಿಲ್ಲ. ಎರಡು ಪ್ಲೇಟಿನ ಕ್ಲಚ್ಚು ದುಬಾರಿ. ಅಮುಕುವ ಬಲ ಏರಿಸಿದರೆ ಪೆಡಲ್ ಗಟ್ಟಿಯಾಗುತ್ತೆ, ಎಡಮೊಣಕಾಲು ಕಟ್ಟುತ್ತೆ ಬಿಲ್ಲು; ಪೆಡಲ್ ತುಳಿದಾಗಲೆಲ್ಲ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗ್ ಮೇಲೂ ಒತ್ತಡ. ಘರ್ಷಣೆ ಏರಿಸುವ ಸೆರಾಮಿಕ್ ತುಂಡುಗಳ ಪ್ಲೇಟು ಮೆಲ್ಲಗೆ ಹಿಡಿಯೋದಿಲ್ಲ, ಗಬಕ್ಕನೆ ಕಚ್ಚುತ್ತೆ. ಹಾಫ್ ಕ್ಲಚ್ ಅನ್ನುವ ಊರೇ ಅದರ ನಕ್ಷೆಯಲ್ಲಿ ಇಲ್ಲ ಅನ್ನಬಹುದು.

ಫ್ಲೈವೀಲಿನ ಕತೆ ಇನ್ನೂ ಸ್ವಾರಸ್ಯ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತೆ, ಅಂದರೆ ಅದು ಶಕ್ತಿ ಕೊಡೋದು ಹರಿಯುವ ನೀರಿನ ಹಾಗಲ್ಲ, ಒನಕೆಯಲ್ಲಿ ಕುಟ್ಟಿದ ಹಾಗೆ. ಲಾರಾದಂಥ ಗಾಡಿಗಳಲ್ಲಿ ಇರುವುದು ಡ್ಯುಯಲ್ ಮಾಸ್ ಫ್ಲೈವೀಲು, ನಡುವೆ ಸ್ಪ್ರಿಂಗ್ ಇಟ್ಟು ಜೋಡಿಸಿದ ಎರಡು ಚಕ್ರ. ಜರ್ಮನಿಯ ಲೂಕ್ ಕಂಪನಿ 1980ರ ದಶಕದಿಂದ ಮಾಡುತ್ತ ಬಂದಿರುವ ಸಾಮಾನು. ಕುಟ್ಟಿದ ಪೆಟ್ಟನ್ನು ಆ ಸ್ಪ್ರಿಂಗುಗಳು ನುಂಗಿಕೊಂಡು ಗೇರ್‌ಬಾಕ್ಸಿಗೆ ನಯವಾದದ್ದನ್ನು ಮಾತ್ರ ದಾಟಿಸುತ್ತವೆ. ಅದನ್ನು ತೆಗೆದು ಹಗುರವಾದ ಒಂಟಿ ಚಕ್ರ ಹಾಕಿದರೆ ಎಂಜಿನ್ ಚುರುಕಾಗಿ ಏರುತ್ತೆ, ಇಳಿಯುತ್ತೆ, ನಿಜ. ಆದರೆ ಪೆಟ್ಟು ಎಲ್ಲಿಗೆ ಹೋಯಿತು? ಗೇರ್‌ಬಾಕ್ಸಿಗೆ. ನ್ಯೂಟ್ರಲಿನಲ್ಲಿ ನಿಂತಾಗ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬರುತ್ತಲ್ಲ, ಅದೇ.

ಇನ್ನೊಂದು ಮಾತು. ತಿರುಗುವ ಚಕ್ರದಲ್ಲಿ ಕೂಡಿಟ್ಟ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತೆ. 3000 ಆರ್‌ಪಿಎಂನಲ್ಲಿ ಇರುವುದರ ಒಂಬತ್ತನೇ ಒಂದು ಪಾಲು ಮಾತ್ರ 1000ದಲ್ಲಿ. ನಮ್ಮ ತೋಟದ ದಾರಿಗಳಲ್ಲಿ ರೋಬಸ್ಟಾ ರ್ಯಾಲಿ ಓಡಿಸುವವರು ಬದುಕೋದೇ ಮೇಲಿನ ಆರ್‌ಪಿಎಂನಲ್ಲಿ, ಚಕ್ರ ಹಗುರವಾದರೆ ಅವರಿಗೆ ಲಾಭವೇ. ಅವರಿಗೆ ಗಾಡಿ ನೋಡಿಕೊಳ್ಳೋಕೆ ಮೆಕ್ಯಾನಿಕ್‌ಗಳ ದಂಡೇ ಜೊತೆಗಿರುತ್ತೆ. ಶನಿವಾರ ಮಡಿಕೇರಿಯ ಏರಿನಲ್ಲಿ ಟೂರಿಸ್ಟ್ ಗಾಡಿಗಳ ಸಾಲಲ್ಲಿ ಸಿಕ್ಕಿಕೊಂಡವರು ಬದುಕುವುದು 1000ದಲ್ಲಿ. ಅಲ್ಲಿ ಮೊದಲೇ ಒಂಬತ್ತನೇ ಒಂದು ಪಾಲು; ಅದರಲ್ಲೂ ಅರ್ಧ ಕಿತ್ತುಕೊಂಡರೆ ಎಂಜಿನ್ ಆಫ್ ಆಗೋದು ಸಹಜ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅಣ್ಣ ತಾಳ್ಮೆಯಿಂದ ಕೇಳಿಸಿಕೊಂಡು, "ಅಭ್ಯಾಸ ಆಗುತ್ತೆ ಬಿಡು" ಅಂದ.

ಯಾರಿಗೆ? ಆ ಕಾರನ್ನು ದಿನಾ ಓಡಿಸುವುದು ಅತ್ತಿಗೆ. ಬೆಳಿಗ್ಗೆ ಹಟ್ಟಿಹೊಳೆ, ಮಕ್ಕಂದೂರು ಮೇಲೆ ಮಡಿಕೇರಿಯ ಶಾಲೆಗೆ ಪಾಠ ಮಾಡಲು ಹೋಗುತ್ತಾರೆ, ಸಂಜೆ ಅದೇ ದಾರಿಯಲ್ಲಿ ವಾಪಸು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಕೊಚ್ಚಿಹೋಗಿದ್ದ ದಾರಿ ಅದು. ಮಳೆಗಾಲದಲ್ಲಿ ಈಗಲೂ ಎದುರಿನ ಗಾಡಿಗೆ ಜಾಗ ಬಿಟ್ಟು ಏರಿನಲ್ಲೇ ನಿಂತು, ಹಾಫ್ ಕ್ಲಚ್ಚಿನಲ್ಲಿ ಎತ್ತಿಕೊಂಡು ಹೋಗಬೇಕು. ಅಣ್ಣ ಕಾರು ಮುಟ್ಟುವುದು ಭಾನುವಾರ. ಹಿಂದಿನ ಸೀಟಿನಲ್ಲಿ ಸೊಂಟ ನೋವಿನ ದೊಡ್ಡಮ್ಮ ಇರುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಾತು. ಅಭ್ಯಾಸ ಆಗುತ್ತೆ ಅನ್ನುವವರು ಒಬ್ಬರು, ಅಭ್ಯಾಸ ಮಾಡಿಕೊಳ್ಳಬೇಕಾದವರು ಇನ್ನೊಬ್ಬರು. ಆಫೀಸಿನಲ್ಲೂ ಇದನ್ನೇ ಕೇಳ್ತೀನಿ. ರಿಲೀಸ್ ವಾರಕ್ಕೊಂದು ಇದ್ದದ್ದು ದಿನಕ್ಕೊಂದಾಗಲಿ ಅಂತ ಮೀಟಿಂಗಿನಲ್ಲಿ ತೀರ್ಮಾನ ಮಾಡುವವರು ರಾತ್ರಿ ಮೂರು ಗಂಟೆಗೆ ಪೇಜರ್ ಹೊಡೆದರೆ ಏಳುವವರಲ್ಲ.

ನಮ್ಮೂರಿನಲ್ಲಿ ಪಂಪ್‌ಸೆಟ್ಟಿನ ಫ್ಯೂಸ್ ಮತ್ತೆ ಮತ್ತೆ ಹೋದರೆ ತಂತಿಯನ್ನು ಎರಡು ಮೂರು ಎಳೆ ಸೇರಿಸಿ ಸುತ್ತುವವರಿದ್ದರು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ, ಮೋಟಾರ್ ಕಾಯಿಲ್ ಸುಡುತ್ತಿತ್ತು. ಫ್ಯೂಸ್ ಗಟ್ಟಿಯಾಯಿತು ಅಂದರೆ ಕರೆಂಟ್ ಸುಧಾರಿಸಿತು ಅಂತಲ್ಲ, ಸುಡುವ ಜಾಗ ಬದಲಾಯಿತು ಅಂತ. ಕ್ಲಚ್ಚೂ ಹಾಗೆಯೇ. ಯಾವುದನ್ನು ಗಟ್ಟಿ ಮಾಡಬೇಕು ಅನ್ನುವ ಪ್ರಶ್ನೆಯ ಬೆನ್ನಿಗೇ ಯಾವುದು, ಯಾರು ಮೊದಲು ಸೋಲಬೇಕು ಅನ್ನುವ ಪ್ರಶ್ನೆ ಇರುತ್ತೆ. ಮೊದಲನೆಯದನ್ನು ಅಂಗಡಿಯಲ್ಲಿ ಕೇಳುತ್ತೇವೆ. ಎರಡನೆಯದನ್ನು ಕೇಳೋದೇ ಇಲ್ಲ.

ಹಾಗಂತ ಕಂಪನಿ ಕೊಟ್ಟದ್ದೇ ಪ್ರಸಾದ, ಅದನ್ನು ಮುಟ್ಟುವುದು ಪಾಪ ಅನ್ನುವ ಪಂಗಡ ನನ್ನದಲ್ಲ. ಸಂಪಾಜೆ ಘಾಟಿಯಲ್ಲಿ ಮರಳಿನ ಲಾರಿಯನ್ನು ಬೇಗ ದಾಟಿ ಮುಗಿಸುವಷ್ಟು ಎಳೆತ ಇರುವುದು ಒಳ್ಳೆಯದೇ, ಅದರ ಖುಷಿಯೂ ಖುಷಿಯೇ. ರೀಮ್ಯಾಪ್ ಹಾಗೇ ಇಟ್ಟುಕೊಂಡು ಹಳೆಯ ಅಳತೆಯ ಕ್ಲಚ್ಚನ್ನೇ ಮತ್ತೆ ಹಾಕಿಸುವುದು ಎಲ್ಲಕ್ಕಿಂತ ಕೆಟ್ಟದು. ಲಾರಿಯ ಪಕ್ಕದಲ್ಲಿದ್ದಾಗ ಅದು ಜಾರಿದರೆ ಎದುರಿನಿಂದ ಬರುವವನಿಗೆ ನಿಮ್ಮ ಉಳಿತಾಯದ ಲೆಕ್ಕ ಗೊತ್ತಿರುವುದಿಲ್ಲ.

ಅಣ್ಣನ ಮಾತಿನಲ್ಲಿ ಸತ್ಯವೇ ಇಲ್ಲ ಅಂತಲೂ ಅಲ್ಲ. ಕೊಡಗಿನಲ್ಲಿ ಒಂದು ಇಡೀ ತಲೆಮಾರು ಹಳೆಯ ಜೀಪುಗಳ ಗಟ್ಟಿ ಪೆಡಲ್ ತುಳಿದುಕೊಂಡೇ ಓಡಾಡಿದೆ. ಮನುಷ್ಯರ ಕಾಲಿಗೆ ಎಂಥದ್ದೂ ಅಭ್ಯಾಸವಾಗುತ್ತೆ. ಆದರೆ ಆ ಜೀಪು ಇಡೀ ಮನೆಗೆ ಬೇಕಿತ್ತು, ಬೇರೆ ದಾರಿ ಇರಲಿಲ್ಲ, ಕಷ್ಟವನ್ನು ಎಲ್ಲರೂ ಸಮವಾಗಿ ತುಳಿದರು. ಒಬ್ಬರ ಭಾನುವಾರಕ್ಕೆ ಇನ್ನೊಬ್ಬರ ಆರು ದಿನ ಅಂತ ಅದರಲ್ಲಿ ಇರಲಿಲ್ಲ.

"ಕೇಳಿದೆ ಕಣೋ, ಪರವಾಗಿಲ್ಲ ಅಂದ್ಲು" ಅಂದ ಅಣ್ಣ. ಇಲ್ಲಿಯೂ ಒಂದು ತೊಡಕಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು "ಕ್ಲಚ್ ಒಂಚೂರು ಗಟ್ಟಿ ಆಗಬಹುದು, ಪರವಾಗಿಲ್ವಾ?" ಅಂದರೆ ನಮ್ಮ ಮನೆಗಳಲ್ಲಿ ಬರುವ ಉತ್ತರ ಒಂದೇ. ಕೇಳುವವನಿಗೂ ಅದು ಗೊತ್ತಿರುತ್ತೆ. ಒಪ್ಪಿಗೆ ಅನ್ನುವುದು ಬಾಯಿಂದ ಬಂದರೆ ಸಾಲದು, ಯಾವುದಕ್ಕೆ ಅಂತ ಒಪ್ಪುವವರ ಕಾಲಿಗೂ ಗೊತ್ತಾಗಬೇಕು. ಕುಶಾಲನಗರದಲ್ಲಿ ಅಣ್ಣನ ಗೆಳೆಯನೊಬ್ಬನ ಕಾರಿಗೆ ಇಂಥದ್ದೇ ಸೆರಾಮಿಕ್ ಪ್ಲೇಟು, ಹಗುರ ಫ್ಲೈವೀಲು ಇತ್ತು. ಅದನ್ನು ಒಂದು ದಿನ ಅತ್ತಿಗೆಗೆ ಕೊಡಿಸು, ಶಾಲೆಗೆ ಅದರಲ್ಲೇ ಹೋಗಿ ಬರಲಿ ಅಂದೆ.

ಮಡಿಕೇರಿಯ ಒಂದು ಏರಿನಲ್ಲಿ ಮೂರು ಸಲ ಎಂಜಿನ್ ಆಫ್ ಆಯಿತಂತೆ, ಹಿಂದೆ ಬಸ್ಸು. ನಾಲ್ಕನೇ ಸಲ ಎಂಜಿನ್ ಗುರ್ ಅನಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಸರಿಯಾಗಿಯೇ ಎತ್ತಿದರು. ಸಂಜೆ ಬಂದು ಹೇಳಿದ್ದು ಇಷ್ಟು: "ಓಡಿಸೋಕೆ ಬರಲ್ಲ ಅಂತಲ್ಲ. ನಾಳೆಯಿಂದ ಬೇಕಾದ್ರೂ ಓಡಿಸ್ತೀನಿ. ಯಾಕೆ ಓಡಿಸ್ಬೇಕು ಅಂತ ಒಂದು ಕಾರಣ ಹೇಳಿ."

ಅಣ್ಣನ ಹತ್ತಿರ ಕಾರಣಗಳು ಇದ್ದವು, ಫೋನಿನಲ್ಲಿ ನನಗೆ ಹತ್ತಾದರೂ ಹೇಳಿದ್ದ. ಅವರ ಮುಂದೆ ಯಾವುದೂ ಬಾಯಿಗೆ ಬರಲಿಲ್ಲ ಅಂತ ಅವನೇ ನಗುತ್ತಾ ಹೇಳಿದ.

ಕೊನೆಗೆ ಡ್ಯುಯಲ್ ಮಾಸ್ ಫ್ಲೈವೀಲೇ ಹೊಸದು ಬಂತು. ಪ್ಲೇಟು ಆರ್ಗ್ಯಾನಿಕ್, ಪ್ರೆಷರ್ ಪ್ಲೇಟು ಮಾತ್ರ ಒಂದು ಹಂತ ಗಟ್ಟಿ. ಗೇರ್‌ಬಾಕ್ಸ್ ಹೇಗೂ ಇಳಿಸಿದ್ದರಿಂದ ರಿಲೀಸ್ ಬೇರಿಂಗನ್ನೂ ಬದಲಿಸಿದರು. ರೀಮ್ಯಾಪಿನಲ್ಲಿ ಕೆಳಗಿನ ಆರ್‌ಪಿಎಂನ ಟಾರ್ಕು ಇಳಿಸಿ, ಒಟ್ಟು 290 ದಾಟದ ಹಾಗೆ ಮಾಡಿಸಿದ. ಪೆಡಲ್ ಮೊದಲಿಗಿಂತ ಸ್ವಲ್ಪ ಭಾರವೇ. ಅತ್ತಿಗೆ ಅದನ್ನು ಮೊದಲ ದಿನವೇ ಹೇಳಿದರು, ಆಮೇಲೂ ಆಗಾಗ ಹೇಳ್ತಾರೆ. 320ರ ಫೈಲು ಪೆನ್‌ಡ್ರೈವಿನಲ್ಲಿ, ಪೆನ್‌ಡ್ರೈವ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆರ್‌ಸಿ ಜೊತೆ ಇದೆ. ಅದು ಅಲ್ಲಿರುವುದು ಅತ್ತಿಗೆಗೂ ಗೊತ್ತು.