ಅಲ್ಲಿ ಬರ, ಇಲ್ಲಿ ಬೆಲೆ

ಬೆಳಗಿನ ಆರಕ್ಕೆ ವೀರನಹೊಸಹಳ್ಳಿಯ ಅರಣ್ಯ ಗೇಟು ತೆರೆಯುತ್ತದೆ. ದಸರೆಗೆ ಮುಂಚೆ ಆನೆಗಳು ಮೈಸೂರಿಗೆ ಹೊರಡುವ ಗಜಪಯಣದ ದಿನ ಇಲ್ಲಿಗೆ ಮಂತ್ರಿಗಳು, ಪೂರ್ಣಕುಂಭ, ಕ್ಯಾಮೆರಾ ಎಲ್ಲ ಬರುತ್ತವೆ. ಉಳಿದ ದಿನಗಳಲ್ಲಿ ಇದು ಎರಡು ಬೇಸಾಯಗಳ ನಡುವೆ ಕೂತ ಊರು. ಮೂಡಲಿಗೆ, ಹುಣಸೂರಿನತ್ತ, ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ, ಶುಂಠಿ. ಪಡುವಲಿಗೆ ನಾಗರಹೊಳೆ ಕಾಡು. ಕಾಡು ದಾಟಿದರೆ ಕುಟ್ಟ, ಅಲ್ಲಿಂದ ಶುರು ಕಾಫಿ, ಮೆಣಸು. ಈ ಎರಡರ ನಡುವೆ ದಿನವೂ ಓಡಾಡುವವರು ಹಾಡಿಗಳ ಜನ. ಜೇನುಕುರುಬರು, ಬೆಟ್ಟಕುರುಬರು, ಯರವರು ಹೊತ್ತು ಮೂಡುವ ಮೊದಲೇ ಜೀಪು ಹತ್ತಿ ಕೊಡಗಿನ ತೋಟಗಳಿಗೆ ಹೊರಟಿರುತ್ತಾರೆ.

ಇಲ್ಲಿನ ರೈತರು ಭೂಗೋಳ ಕಲಿತದ್ದು ಹೊಗೆಸೊಪ್ಪಿನಿಂದ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಬೇಲುಗಳ ಸಾಲಿನ ಪಕ್ಕ ನಿಂತವರ ಬಾಯಲ್ಲಿ ಬ್ರೆಜಿಲ್, ಜಿಂಬಾಬ್ವೆ ಎನ್ನುವ ಹೆಸರುಗಳು ಚಿಲ್ಕುಂದ, ಕಂಪಲಾಪುರ ಎಂದಷ್ಟೇ ಸಲೀಸಾಗಿ ಬರುತ್ತವೆ. ಈ ಸಲ ರೇಟು ಹೇಗಿರಬಹುದು ಎಂದು ಕೇಳಿದರೆ, "ಅಲ್ಲಿ ಬೆಳೆ ಹೆಂಗದೆ ಹೇಳಿ ಮೇಷ್ಟ್ರೇ, ಆಮೇಲೆ ನಮ್ದು ಹೇಳ್ತೀನಿ" ಎನ್ನುತ್ತಾರೆ. ತಮಾಷೆಯಲ್ಲ. 2023-24ರ ಹರಾಜಿನಲ್ಲಿ ಕರ್ನಾಟಕದ ಸೊಪ್ಪಿಗೆ ಸರಾಸರಿ ಕಿಲೋಗೆ 250 ರೂಪಾಯಿ ದಾಟಿತು. ಅದೇ ಎಲ್ ನಿನೋ ವರ್ಷದಲ್ಲಿ ದಕ್ಷಿಣ ಬ್ರೆಜಿಲ್ಲಿನಲ್ಲಿ ಮಳೆ ಹೆಚ್ಚಾಗಿ, ಜಿಂಬಾಬ್ವೆಯಲ್ಲಿ ಮಳೆಯೇ ಬಾರದೆ ಬೆಳೆ ಕೈಕೊಟ್ಟಿತ್ತು.

ಕಾಡಿನ ಆಚೆಯವರಿಗೆ ಅಂಥ ಹೆಸರು ವಿಯೆಟ್ನಾಂ.

1986ರಲ್ಲಿ ಆ ದೇಶ 'ದೋಯ್ ಮೋಯ್' ಎಂಬ ಆರ್ಥಿಕ ಸುಧಾರಣೆಗೆ ಕೈಹಾಕಿದಾಗ ಕೊಡಗಿನ ಬೆಳೆಗಾರರು ಅದನ್ನು ಗಮನಿಸುವ ಕಾರಣವೇ ಇರಲಿಲ್ಲ. ಜಗತ್ತಿನ ಕಾಫಿಯಲ್ಲಿ ಅದರ ಪಾಲು ಅಷ್ಟು ಸಣ್ಣದು. ಸಾಮೂಹಿಕ ಬೇಸಾಯದಿಂದ ಭೂಮಿ ಕುಟುಂಬಗಳ ಕೈಗೆ ಬಂತು, ತಗ್ಗಿನ ಬಯಲಿಂದ ಜನರನ್ನು ನಡುನಾಡಿನ ಬೆಟ್ಟಗಳಿಗೆ ಕಳಿಸಿ ನೆಲೆಯೂರಿಸಲಾಯಿತು, ಡಾಕ್ ಲಾಕ್ ಪ್ರಾಂತ್ಯದ ಕೆಂಪು ಮಣ್ಣಿನಲ್ಲಿ ರೊಬಸ್ಟಾ ಎದ್ದಿತು. ಹದಿನೈದೇ ವರ್ಷದಲ್ಲಿ ವಿಯೆಟ್ನಾಂ ಬ್ರೆಜಿಲ್ಲಿನ ನಂತರದ ಎರಡನೇ ಸ್ಥಾನಕ್ಕೆ ಬಂದಿತ್ತು. 2001ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ದಶಕಗಳಲ್ಲೇ ಕಾಣದ ಪಾತಾಳ ಕಂಡಿತು. ಕೊಡಗು, ಹಾಸನ, ಚಿಕ್ಕಮಗಳೂರಿನಲ್ಲಿ ಹಣ್ಣು ಕೊಯ್ದರೆ ಕೂಲಿಯೂ ಹುಟ್ಟದ ವರ್ಷಗಳು ಅವು.

ಆಮೇಲೆ ಲೆಕ್ಕ ಮಗುಚಿತು. 2024ರ ಮೊದಲ ತಿಂಗಳುಗಳಲ್ಲಿ ವಿಯೆಟ್ನಾಮಿನ ಆ ಬೆಟ್ಟಗಳಲ್ಲಿ ಭಾರಿ ಬರ. ಅಲ್ಲಿನ ಕಾಫಿಗೆ ನಮ್ಮಂತೆ ಮರದ ನೆರಳಿಲ್ಲ. ಬಿಸಿಲಿಗೆ ನಿಂತ ಗಿಡ, ಕೊಳವೆಬಾವಿಯ ನೀರು, ಗೊಬ್ಬರ. ಹೆಕ್ಟೇರಿಗೆ ಎರಡೂವರೆ ಟನ್ನಿಗೂ ಮೇಲೆ ಇಳುವರಿ ಬರುತ್ತದೆ, ನಮ್ಮದು ಒಂದು ಟನ್ನಿನ ಆಸುಪಾಸು. ನೀರು ಬತ್ತಿದಾಗ ಪೆಟ್ಟು ಬೀಳುವುದೂ ಅಷ್ಟೇ ಜೋರು. 2023ರ ಆರಂಭದಲ್ಲಿ ಲಂಡನ್ ಪೇಟೆಯಲ್ಲಿ ಟನ್ನಿಗೆ 2,000 ಡಾಲರಿನ ಸುತ್ತ ಇದ್ದ ರೊಬಸ್ಟಾ 2024ರ ಸೆಪ್ಟೆಂಬರಿನಲ್ಲಿ 5,000 ದಾಟಿತು. ಕೊಡಗಿನಲ್ಲಿ ಐವತ್ತು ಕಿಲೋ ಚೆರಿ ಮೂಟೆ ಹತ್ತು ಸಾವಿರದ ಸುತ್ತ ಹೋಯಿತು. ಹಳೇ ಸಾಲ ತೀರಿತು, ಹೊಸ ಗಾಡಿಗಳು ಬಂದವು. 2024-25ರಲ್ಲಿ ಭಾರತದ ಕಾಫಿ ರಫ್ತು 180 ಕೋಟಿ ಡಾಲರ್ ಮುಟ್ಟಿ ದಾಖಲೆಯಾಯಿತು.

ಆ ಗಳಿಕೆಯನ್ನು ನಾನು ಹೀಗಳೆಯುತ್ತಿಲ್ಲ. ಬೆಳೆಗಾರ ದುಡಿದದ್ದು ನಿಜ, ಕೆಟ್ಟ ವರ್ಷಗಳಲ್ಲಿ ತೋಟ ಮಾರದೆ ಉಳಿಸಿಕೊಂಡದ್ದೂ ನಿಜ. ಆದರೆ ಬೆಲೆ ಎರಡೂವರೆ ಪಾಲಾದ ವರ್ಷ ಅವನು ಎರಡೂವರೆ ಪಾಲು ದುಡಿದಿರಲಿಲ್ಲ. ಹೆಚ್ಚಿನ ಪಾಲು ಬಂದದ್ದು ಅವನು ಎಂದೂ ನೋಡದ ಒಬ್ಬನ ಬಾವಿ ಬತ್ತಿದ್ದರಿಂದ. 2025ರ ನವೆಂಬರಿನಲ್ಲಿ ಕೊಯ್ಲಿನ ಹೊತ್ತಿಗೇ ಮಧ್ಯ ವಿಯೆಟ್ನಾಮಿನಲ್ಲಿ ಮಹಾಮಳೆ ಸುರಿದು 90ರಷ್ಟು ಜನ ಸತ್ತರು. ಹೆಚ್ಚಿನವರು ಡಾಕ್ ಲಾಕಿನವರೇ. ಇಲ್ಲಿಗೆ ಆ ಸುದ್ದಿ ತಲುಪಿದ್ದು ಕೊಯ್ಲು ತಡವಾಗುತ್ತದಂತೆ, ರೇಟು ಏರಬಹುದಂತೆ ಎಂಬ ಮಾತಾಗಿ. ಯಾರದೂ ತಪ್ಪಲ್ಲ, ಪೇಟೆಯ ಭಾಷೆಯೇ ಹಾಗೆ. ಆದರೂ ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದಾಗ ಇದು ನೆನಪಾದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತೇವೆ.

ಈ ವ್ಯವಹಾರ ಒಮ್ಮುಖದ್ದಲ್ಲ. ನೆರೆಯ ಕೆ.ಆರ್. ನಗರವನ್ನು ಭತ್ತದ ಕಣಜ ಎನ್ನುತ್ತೇವಲ್ಲ, ಆ ಅಕ್ಕಿಯದೂ ಇಂಥದೇ ಕಥೆ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಊಟದ ತಟ್ಟೆಯ ಬೆಲೆ ಏರಬಾರದೆಂಬ ಕಾರಣ, ಅದೂ ಸರಿಯೇ. ನಮ್ಮ ಬಾಗಿಲು ಮುಚ್ಚಿದ ವಾರಗಳಲ್ಲೇ ವಿಯೆಟ್ನಾಮಿನ ಅಕ್ಕಿ ಹದಿನೈದು ವರ್ಷಗಳಲ್ಲಿ ಕಾಣದ ಬೆಲೆಗೆ ಏರಿತು. ಮೆಕಾಂಗ್ ಬಯಲಿನ ಗದ್ದೆಯವನು ಆ ವರ್ಷ ಹೊಸ ಸ್ಕೂಟರ್ ಕೊಂಡಿದ್ದರೆ ಅದಕ್ಕೆ ನಮ್ಮ ನಿಷೇಧದ ಪಾಲೂ ಇದೆ. ಅದು ತೆರವಾದದ್ದು 2024ರ ಸೆಪ್ಟೆಂಬರ್ 28ಕ್ಕೆ.

ಮೆಣಸಿನ ಕಥೆ ಮಾತ್ರ ಕಹಿಯಾದದ್ದು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹಾದಿ ಹಿಡಿದು, ಆ ದೇಶದೊಂದಿಗೆ ನಮಗಿರುವ ಮುಕ್ತ ವ್ಯಾಪಾರ ಒಪ್ಪಂದದ ಸಡಿಲನ್ನು ಬಳಸಿಕೊಂಡು ಒಳಗೆ ಬರುತ್ತಿದೆ ಎಂದು ಕೊಡಗಿನವರು ವರ್ಷಗಟ್ಟಲೆ ಕೂಗಿದರು. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಬೆಲೆ ಮಾತ್ರ ಮುಂದಿನ ವರ್ಷಗಳಲ್ಲೂ ಬಿದ್ದೇ ಇತ್ತು. ವಿಯೆಟ್ನಾಮಿನಲ್ಲಿ ಒಂದೂವರೆ ಲಕ್ಷ ಹೆಕ್ಟೇರಿಗೆ ಹಬ್ಬಿಸಿದ್ದ ಮೆಣಸೂ ಅದನ್ನು ಬೆಳೆದವರನ್ನೇ ಮುಳುಗಿಸಿತ್ತು. ಬಳ್ಳಿಗೆ ರೋಗ, ತಲೆಗೆ ಸಾಲ. ನಾವು ಅವರನ್ನು ಬೈಯುತ್ತಿದ್ದ ಹೊತ್ತಿನಲ್ಲಿ ಅವರು ಬಳ್ಳಿ ಕಿತ್ತೆಸೆಯುತ್ತಿದ್ದರು.

ಕಿತ್ತ ಹಲವೆಡೆ ನೆಟ್ಟದ್ದು ಡ್ಯೂರಿಯನ್. ನೋಡಲು ಹಲಸಿನಂತಿರುವ, ವಾಸನೆಗೆ ಹೆಸರಾದ ಮುಳ್ಳುಹಣ್ಣು. 2022ರ ಜುಲೈಯಲ್ಲಿ ಚೀನಾ ಇದರ ಆಮದಿಗೆ ಅಧಿಕೃತ ಒಪ್ಪಂದ ಮಾಡಿಕೊಂಡಿತು. ತೋಟಕ್ಕೆ ಒಂದು ಸಂಕೇತ ಸಂಖ್ಯೆ, ಪ್ಯಾಕ್ ಮಾಡುವ ಶೆಡ್ಡಿಗೆ ಇನ್ನೊಂದು. ಮರುವರ್ಷವೇ ರಫ್ತು 200 ಕೋಟಿ ಡಾಲರ್ ದಾಟಿತು, 2024ರಲ್ಲಿ 300 ಕೋಟಿ ದಾಟಿತು. ಆ ವರ್ಷ ಅಲ್ಲಿನ ಕೃಷಿ, ಅರಣ್ಯ, ಮೀನುಗಾರಿಕೆಯ ಒಟ್ಟು ರಫ್ತು 6,200 ಕೋಟಿ ಡಾಲರಿಗೂ ಮೇಲೆ. ಆದರೆ 2025ರ ಆರಂಭದಲ್ಲಿ ಚೀನಾ ಕ್ಯಾಡ್ಮಿಯಂ, ಹಳದಿ ಬಣ್ಣದ ರಾಸಾಯನಿಕ ಎಂದು ತಪಾಸಣೆ ಬಿಗಿ ಮಾಡಿದ್ದೇ ತಡ, ಲಾರಿಗಳು ಗಡಿಯಲ್ಲಿ ನಿಂತವು, ರಫ್ತು ಕುಸಿಯಿತು. ಒಬ್ಬನೇ ಗಿರಾಕಿಯನ್ನು ನಂಬಿದ ಊರಿನ ಪಾಡು ಯಾವ ದೇಶದಲ್ಲಾದರೂ ಒಂದೇ.

ಹಣಕ್ಕೆ ಈ ಗಡಿಗಳ ಚಿಂತೆ ಕಡಿಮೆ. ಕೊಡಗಿನ ಪಾಲಿಬೆಟ್ಟದಲ್ಲಿ ಬೇರುಬಿಟ್ಟು ಬೆಳೆದ ಟಾಟಾ ಕಾಫಿ 2019ರಲ್ಲಿ ವಿಯೆಟ್ನಾಮಿನ ಬಿನ್ ದುವಾಂಗ್ ಪ್ರಾಂತ್ಯದಲ್ಲಿ ವರ್ಷಕ್ಕೆ 5,000 ಟನ್ ಇನ್‌ಸ್ಟಂಟ್ ಕಾಫಿ ಮಾಡುವ ಕಾರ್ಖಾನೆ ಶುರು ಮಾಡಿತು. ಆಂಧ್ರದ ಸಿಸಿಎಲ್ ಕಂಪನಿಯ ಕಾರ್ಖಾನೆ ಡಾಕ್ ಲಾಕಿನಲ್ಲೇ ಇದೆ. ಬೀಜ ಎಲ್ಲಿ ಹೇರಳವೋ ಅಲ್ಲಿ ಯಂತ್ರ, ವ್ಯಾಪಾರಕ್ಕೆ ಇದು ಸಹಜ. ಹೀಗಾಗಿ ಅಲ್ಲಿ ಬರವಾದರೂ ಇಲ್ಲಿ ಬರವಾದರೂ ತಡೆದುಕೊಳ್ಳುವ ತ್ರಾಣ ಕಂಪನಿಗೆ ಉಂಟು. ಎರಡೂ ಕಡೆ ಕಾಲಿಡಲಾರದವನು ರೈತ. ಅವನಿಗಿಂತಲೂ ಕೆಳಗೆ ಇನ್ನೊಬ್ಬರಿದ್ದಾರೆ.

ಡಾಕ್ ಲಾಕಿನ ಬೆಟ್ಟಗಳ ಮೂಲನಿವಾಸಿಗಳು ಎಡೇ ಮುಂತಾದ ಬುಡಕಟ್ಟಿನವರು. ಕಾಫಿ ಹಬ್ಬಿದಂತೆ ಅವರ ಕಾಡು ಕಡಿಯಲ್ಪಟ್ಟಿತು, ನೆಲದ ಬಹುಪಾಲು ಕೆಳಗಿನಿಂದ ಬಂದವರ ಕೈಸೇರಿತು. ನಮ್ಮಲ್ಲಿ ನಾಗರಹೊಳೆ ಅಭಯಾರಣ್ಯವಾಗಿ, ಉದ್ಯಾನವಾಗಿ, ಹುಲಿ ಯೋಜನೆಯಾಗಿ ಬೆಳೆದಂತೆ ಹಾಡಿಗಳು ಹೊರಗೆ ಬಂದವು. ವೀರನಹೊಸಹಳ್ಳಿಯ ಪಕ್ಕದ ನಾಗಾಪುರದ ಪುನರ್ವಸತಿ ಕೇಂದ್ರ ಅಂಥದ್ದೊಂದು. ಅಲ್ಲಿ ಕಾಡು ಕಡಿದು ಹೊರಗೆ ಹಾಕಿದರು, ಇಲ್ಲಿ ಕಾಡು ಉಳಿಸಲೆಂದು ಹೊರಗೆ ಕಳಿಸಿದರು. ಕಾರಣಗಳು ತದ್ವಿರುದ್ಧ, ಮುಗಿದದ್ದು ಮಾತ್ರ ಕಾಫಿ ತೋಟದ ಕೂಲಿಯಲ್ಲಿ. ರೊಬಸ್ಟಾ ಎರಡೂವರೆ ಪಾಲಾದ ವರ್ಷ ಹಾಡಿಯವರ ಕೂಲಿ ಎರಡೂವರೆ ಪಾಲಾಗಲಿಲ್ಲ. ಬೆಲೆ ಬಿದ್ದ ವರ್ಷ ಮೊದಲು ನಿಂತದ್ದು ಅವರ ಕೆಲಸವೇ.

ಇನ್ನೊಂದು ವಿಚಿತ್ರ. ಕಾಡು ಕಡಿದ ನೆಲದ ಕಾಫಿ ನಮಗೆ ಬೇಡ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು, ಜಾರಿಯನ್ನು ಮುಂದೂಡುತ್ತಲೂ ಬಂದಿದೆ. ಅದು ಜಾರಿಯಾದರೆ ಮರದ ನೆರಳಲ್ಲಿ ಬೆಳೆಯುವ ಕೊಡಗಿನ ಸಣ್ಣ ತೋಟದವನೂ ತನ್ನ ನೆಲ ಎಲ್ಲಿದೆಯೆಂದು ತೋರಿಸಿ ನಿರಪರಾಧಿ ಎಂದು ಸಾಬೀತು ಮಾಡಬೇಕಾಗುತ್ತದೆ. ಆ ಪಟ್ಟಿಯಲ್ಲಿ ಕಾಫಿ, ರಬ್ಬರ್, ಕೋಕೋ, ಮರಮುಟ್ಟು ಎಲ್ಲ ಇವೆ. ಬ್ಯಾರನ್ ಎಂಬ ಒಣಗಿಸುವ ಮನೆಗೆ ಸೌದೆ ಉರಿಸಿ ಹದ ಮಾಡುವ ನಮ್ಮ ಹೊಗೆಸೊಪ್ಪು ಇಲ್ಲ.

ಹೊಗೆಸೊಪ್ಪು ಬಿಡಿ ಎಂದು ಹೇಳುವವರಿಗೆ ಕೊರತೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ 2005ರಿಂದ ಜಾರಿಯಲ್ಲಿದೆ, ಬೆಳೆಗಾರರಿಗೆ ಬದಲಿ ಬದುಕು ತೋರಿಸಬೇಕೆಂದೂ ಅದರಲ್ಲೇ ಬರೆದಿದೆ. ರೈತ ಬಿಡದಿರುವುದು ದುರಾಸೆಯಿಂದ ಎಂದು ನನಗೆ ಅನ್ನಿಸಿಲ್ಲ. 1984ರಿಂದ ಇಲ್ಲಿ ತಂಬಾಕು ಮಂಡಳಿಯ ಹರಾಜು ಇದೆ. ಬೇಲು ತೂಕವಾಗುತ್ತದೆ, ಕೊಳ್ಳುವ ಕಂಪನಿಯ ಹೆಸರು ಗೊತ್ತಾಗುತ್ತದೆ, ಹಣ ಬ್ಯಾಂಕಿಗೆ ಬೀಳುತ್ತದೆ. ಶುಂಠಿಗೆ ಇದ್ಯಾವುದೂ ಇಲ್ಲ. 2023ರಲ್ಲಿ ಆಕಾಶಕ್ಕೇರಿ ಆಮೇಲೆ ನೆಲಕ್ಕಪ್ಪಳಿಸಿತು, ಕೇಳುವವರಿಲ್ಲ. ಬದಲಿ ಬೆಳೆ ಹೇಳುವವರು ಸಸಿಯ ಹೆಸರು ಹೇಳುತ್ತಾರೆ, ಕೊಳ್ಳುವವನ ಹೆಸರು ಹೇಳುವುದಿಲ್ಲ. ವಿಯೆಟ್ನಾಮಿನವರ ಆತುರ ನನಗೆ ಭಯ ಹುಟ್ಟಿಸುತ್ತದೆ, ಆದರೂ ಗಿರಾಕಿಯೊಂದಿಗೆ ಕಾಗದ ಮಾಡಿಕೊಳ್ಳಲು ಒಂದು ಸರ್ಕಾರ ತಾನೇ ಹೋಗಿ ಕೂತ ಬಗೆ ನಮ್ಮವರು ನೋಡಬೇಕಾದದ್ದು.

ಇದನ್ನೆಲ್ಲ ಕಾಡಂಚಿನ ಹೊಲದ ಪರಿಚಯದ ರೈತರೊಬ್ಬರಿಗೆ ಹೇಳುತ್ತಿದ್ದೆ. ಆನೆ ತಡೆಯುವ ರೈಲು ಕಂಬಿಯ ಬೇಲಿಗೆ ಹತ್ತಿರದ ಹೊಲ ಅದು. ರಾಗಿ ತೆನೆಯಾದರೆ, ಜೋಳ ಹಾಲುಗಟ್ಟಿದರೆ ರಾತ್ರಿ ನಿದ್ದೆಯಿಲ್ಲ. ಹೊಗೆಸೊಪ್ಪನ್ನು ಆನೆ ತುಳಿದೀತೇ ಹೊರತು ತಿನ್ನುವುದಿಲ್ಲ. ಡ್ಯೂರಿಯನ್ ವಿಷಯವನ್ನು ಅವರು ಗಮನವಿಟ್ಟು ಕೇಳಿದರು. ಎಕರೆಗೆ ಎಷ್ಟು ಗಿಡ, ಎಷ್ಟು ವರ್ಷಕ್ಕೆ ಫಲ ಎಂದೆಲ್ಲ ವಿಚಾರಿಸಿದರು. ಕೊನೆಗೆ ಬೀಡಿ ಆರಿಸುತ್ತ ಕೇಳಿದರು:

"ಆ ಹಣ್ಣ ಆನೆ ತಿಂತದಾ ಮೇಷ್ಟ್ರೇ?"

"ಮಲೇಷ್ಯಾ, ಥಾಯ್ಲೆಂಡ್ ಕಡೆ ಹುಡುಕ್ಕೊಂಡು ಬಂದು ತಿಂತವಂತೆ."

"ಹಂಗಾರೆ ನಮ್ಗೆ ಬ್ಯಾಡ ಬುಡಿ."